ಏಮಸ್ ಅಜ್ಜನ ಬೂಟು

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ವರ್ಡೆಲ್ ಗೇದರ್ ಟವೆಲು ಹಿಡಿದು ಬಚ್ಚಲಿಗೆ ಹೋದವರು ಬಾಗಿಲಲ್ಲೇ ನಿಂತರು. ಸ್ನಾನದ ತೊಟ್ಟಿಯ ತುಂಬ ನೀರು, ನೀರಿನೊಳಗೆ ಕಪ್ಪು ರೆಕಾರ್ಡುಗಳು. ಅವುಗಳಿಂದ ಬಿಟ್ಟುಕೊಂಡ ಕೆಂಪು, ನೀಲಿ, ಹಳದಿ ಲೇಬಲ್‌ಗಳು ಮೇಲೆ ತೇಲುತ್ತಿದ್ದವು. ತೊಟ್ಟಿಯ ಅಂಚಿನಲ್ಲಿ ಕುಳಿತ ಮೊಮ್ಮಗಳು ಯೊಲಾಂಡ ಮೊಣಕೈವರೆಗೆ ಕೈ ಇಳಿಸಿ, ಸೊಪ್ಪು ತೊಳೆಯುವ ಹಾಗೆ ಒಂದೊಂದೇ ರೆಕಾರ್ಡನ್ನು ಉಜ್ಜುತ್ತಿದ್ದಳು.

"ಏನೇ ಇದು?"

"ಅಣ್ಣ ಹೇಳಿದ, ಅಜ್ಜಿ. ಎಲ್ಲಾ ಲೇಬಲ್ ಕಿತ್ತುಕೊಟ್ರೆ ಐಸ್‌ಕ್ಯಾಂಡಿ ಕೊಡಿಸ್ತಾನಂತೆ."

"ನಾನು ಸ್ನಾನ ಮಾಡೋದೆಲ್ಲಿ, ಅಡುಗೆಮನೆ ಸಿಂಕಲ್ಲೋ?"

"ಇನ್ನೊಂದು ಸ್ವಲ್ಪ ಹೊತ್ತು. ಅಂಟು ಬಿಡ್ತಾನೇ ಇಲ್ಲ."

ವರ್ಡೆಲ್ ಕೂಗಿದ ಧ್ವನಿ ಪಕ್ಕದ ಮನೆಯಲ್ಲಿದ್ದ ನನಗೂ ಕೇಳಿಸಿತು. ಮೊಮ್ಮಗ ಡ್ವೈಟ್ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದ. ಹದಿನೇಳರ ಹುಡುಗ, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಆದರೆ ಅಜ್ಜಿಯ ಮುಂದೆ ನಿಂತರೆ ಅರ್ಧಕ್ಕೆ ಇಳಿಯುತ್ತಿದ್ದ.

"ಅಜ್ಜಿ, ನಾನು ಪಾರ್ಕಲ್ಲಿ ರೆಕಾರ್ಡ್ ಹಾಕುವಾಗ ಬೇರೆ ಬೀದಿ ಹುಡುಗ್ರು ಬಂದು ಪಕ್ಕದಲ್ಲೇ ನಿಂತ್ಕೋತಾರೆ. ಕತ್ತು ಚಾಚಿ ಲೇಬಲ್ ಓದ್ತಾರೆ. ಮುಂದಿನ ವಾರ ಅದೇ ರೆಕಾರ್ಡು ತಂದು ನನ್ನೆದುರೇ ಹಾಕ್ತಾರೆ. ಅದಕ್ಕೇ ಎಲ್ಲರೂ ಲೇಬಲ್ ಕೀಳೋದು."

"ಬಾಯಿಬಿಟ್ಟು ಕೇಳಿದ್ರೆ ಏನ್ ಮಾಡ್ತೀಯ?"

"ಸುಳ್ಳು ಹೆಸರು ಹೇಳ್ತೀನಿ. ಟ್ರಿನಿಡಾಡ್ ಕಡೇದು ಅಂತೀನಿ. ಅಂಗಡಿ ಅಂಗಡಿ ಅಲೀಲಿ ಬಿಡು."

"ಶನಿವಾರ ಸುಳ್ಳು, ಭಾನುವಾರ ಚರ್ಚು. ಚೆನ್ನಾಗಿದೆ ನಿನ್ನ ವಾರ. ತೊಟ್ಟಿ ಖಾಲಿ ಮಾಡು."

ಹಗಲು ಮಲಗಿದ್ದ ಅರ್ನೆಸ್ಟೀನ್ ಕಣ್ಣುಜ್ಜುತ್ತ ಎದ್ದು ಬಂದಳು. ವರ್ಡೆಲ್‌ರ ಮಗಳು, ಈ ಇಬ್ಬರು ಮಕ್ಕಳ ತಾಯಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ರಾತ್ರಿ ಪಾಳಿ. ತೊಟ್ಟಿ ನೋಡಿದಳು, ಮಗನನ್ನು ನೋಡಿದಳು. "ನೀರು ಹೋಗೋ ಕಿಂಡಿಗೆ ಕಾಗದ ಸಿಕ್ಕಿಹಾಕ್ಕೊಂಡ್ರೆ ನೀನೇ ಕೈಹಾಕಿ ತೆಗೀಬೇಕು," ಎಂದಷ್ಟೇ ಹೇಳಿ ಮತ್ತೆ ಹೋಗಿ ಮಲಗಿದಳು. ಅಡುಗೆ, ಮಕ್ಕಳ ಶಾಲೆ, ಮೂವರ ಬಟ್ಟೆಯ ಇಸ್ತ್ರಿ, ಎಲ್ಲವೂ ವರ್ಡೆಲ್‌ರ ಕೈಯಲ್ಲಿದ್ದುದರಿಂದಲೇ ಅವಳಿಗೆ ಆ ನಿದ್ದೆ ಸಿಗುತ್ತಿತ್ತು. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ನಮ್ಮ ಬೀದಿಯ ಮೂಲೆಯ ಕಟ್ಟಡ ಹಿಂದಿನ ಚಳಿಗಾಲದಲ್ಲಿ ಸುಟ್ಟುಹೋಗಿತ್ತು. ಅದರ ಪಕ್ಕದ್ದು ಖಾಲಿಯಾಗಿತ್ತು. ಪ್ರತಿ ಭಾನುವಾರ ಸಂಜೆ ದಕ್ಷಿಣ ಕೆರೊಲಿನಾದ ಆರೆಂಜ್‌ಬರ್ಗ್‌ನಿಂದ ವರ್ಡೆಲ್‌ರ ತಂಗಿ ಫೋನ್ ಮಾಡುತ್ತಿದ್ದಳು. ಇಲ್ಲಿ ಜಗಲಿ ಇದೆ, ನಿನ್ನ ಕೋಣೆ ಇದೆ, ರಾತ್ರಿ ಹೊಗೆಯ ವಾಸನೆ ನೋಡಿಕೊಂಡು ಮಲಗಬೇಕಾಗಿಲ್ಲ, ಬಂದುಬಿಡು ಅಕ್ಕ ಅನ್ನುತ್ತಿದ್ದಳು. ವರ್ಡೆಲ್ "ನೋಡೋಣ" ಅನ್ನುತ್ತಿದ್ದರು. ಆ "ನೋಡೋಣ" ಕೇಳಿದಾಗಲೆಲ್ಲ ಅರ್ನೆಸ್ಟೀನ್ ಏನಾದರೊಂದು ಪಾತ್ರೆಯನ್ನು ಸದ್ದು ಮಾಡಿ ಇಡುತ್ತಿದ್ದಳು.

ಆ ಶನಿವಾರ ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ಖಾಲಿಯಾಯಿತು. ರೆಕಾರ್ಡುಗಳು ಟವೆಲುಗಳ ಮೇಲೆ ಒಣಗಿ, ಹಾಲಿನ ಕ್ರೇಟುಗಳಿಗೆ ವಾಪಸು ಹೋದವು. ಅವುಗಳ ಜೊತೆ ಏಮಸ್ ಗೇದರ್‌ ಅವರ ರೆಕಾರ್ಡೂ ನೆಂದು, ಹೆಸರು ಕಳೆದುಕೊಂಡು, ಒಣಗಿ ಒಳಗೆ ಹೋದದ್ದು ಯಾರಿಗೂ ತಿಳಿಯಲಿಲ್ಲ.

*

ಏಮಸ್ ವರ್ಡೆಲ್‌ರ ಗಂಡ. ಅವರೂ ಇನ್ನು ಮೂವರೂ ಸೇರಿ ಊರಿನಲ್ಲಿ ಎಡಿಸ್ಟೊ ನದಿಯ ಹೆಸರಿಟ್ಟುಕೊಂಡು ಚರ್ಚುಗಳಲ್ಲಿ ಹಾಡುತ್ತಿದ್ದರು. ವಾದ್ಯವಿಲ್ಲ, ನಾಲ್ಕು ಗಂಟಲು, ಏಮಸ್‌ರ ಕಾಲಿನ ತಾಳ. ಸ್ವಂತ ದುಡ್ಡು ಹಾಕಿ ಒಂದೇ ಒಂದು ರೆಕಾರ್ಡು ಮಾಡಿಸಿದ್ದರು. ನಾಲ್ವರೂ ಈಗಿಲ್ಲ. ಆ ರೆಕಾರ್ಡಿನ ಬೇರೆ ಪ್ರತಿಗಳು ಯಾರ ಯಾರ ಮನೆಯಲ್ಲೋ ಒಡೆದು, ಕಳೆದು ಮುಗಿದಿದ್ದವು. ಉಳಿದದ್ದು ಮುಂದಿನ ಕೋಣೆಯ ದೊಡ್ಡ ಮರದ ರೆಕಾರ್ಡು ಪೆಟ್ಟಿಗೆಯೊಳಗೆ ಇಟ್ಟದ್ದು ಒಂದೇ. ವರ್ಡೆಲ್ ವರ್ಷಕ್ಕೊಮ್ಮೆ, ಏಮಸ್ ತೀರಿಕೊಂಡ ದಿನ, ಅದನ್ನು ಹಾಕುತ್ತಿದ್ದರು. ಉಳಿದ ದಿನ ರಟ್ಟಿನ ಕವರಿನ ಧೂಳು ಒರೆಸುತ್ತಿದ್ದರು, ಅಷ್ಟೇ.

ಡ್ವೈಟ್ ಆ ಕವರಿನೊಳಗಿಂದ ರೆಕಾರ್ಡು ತೆಗೆದದ್ದು ಮೇ ತಿಂಗಳಲ್ಲಿ. ಮೂರನೆಯ ಹಾಡಿನ ನಡುವೆ ನಾಲ್ವರೂ ಒಮ್ಮೆಲೇ ಹಾಡು ನಿಲ್ಲಿಸುತ್ತಾರೆ. ಮರದ ನೆಲದ ಮೇಲೆ ಏಮಸ್‌ರ ಬೂಟಿನ ಸದ್ದು ಮಾತ್ರ: ಧಪ್, ಧಪ್, ಚಟ್, ಧಪ್, ಧಪ್, ಚಟ್. ಅಷ್ಟು ತುಣುಕನ್ನು ಡ್ವೈಟ್ ಪಾರ್ಕಿನಲ್ಲಿ ಕೈಯಿಂದ ಹಿಂದೆ ತಿರುಗಿಸಿ ತಿರುಗಿಸಿ ಹಾಕುತ್ತಿದ್ದ. ಹುಡುಗರು ನೆಲಕ್ಕೆ ಬಿದ್ದು ಕುಣಿಯುತ್ತಿದ್ದರು. ಅದಕ್ಕೆ "ಬೂಟು" ಎಂದು ಹೆಸರೂ ಬಿದ್ದಿತ್ತು. "ಡ್ವೈಟ್, ಬೂಟು ಹಾಕೋ" ಎಂದು ಕೂಗುವುದನ್ನು ನಾನು ಕಿಟಕಿಯಲ್ಲಿ ನಿಂತು ಕೇಳಿದ್ದೇನೆ. ಯಾರದೋ ಚಪ್ಪಲಿಯ ವಿಷಯವಿರಬೇಕು ಎಂದುಕೊಂಡಿದ್ದೆ. ವರ್ಡೆಲ್‌ಗೆ ಒಂದು ಕಿವಿ ಮಂದ, ಅವರ ಕಿಟಕಿ ಹಿಂದಿನ ಅಂಗಳಕ್ಕೆ. ಅವರಿಗೆ ಏನೂ ಕೇಳಿಸಿರಲಿಲ್ಲ.

ಡ್ವೈಟ್ ಪ್ರತಿ ಸಲ ರೆಕಾರ್ಡನ್ನು ಕವರಿಗೆ ವಾಪಸು ಇಡುತ್ತಿದ್ದ. ಒಂದು ಸಲ ಮರೆತ. ಆ ವಾರವೇ ಯೊಲಾಂಡಳಿಗೆ ತೊಟ್ಟಿಯ ಕೆಲಸ ಸಿಕ್ಕಿದ್ದು.

*

ಆಗಸ್ಟ್ ಶುರುವಿನಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ವರ್ಡೆಲ್ ಹೇಳಿದರು: "ಪಾಸ್ಟರ್ ಜೊತೆ ಮಾತಾಡಿದೆ. ಈ ತಿಂಗಳ ಕೊನೇ ಭಾನುವಾರ ಏಮಸ್‌ಗೆ ಹತ್ತನೇ ವರ್ಷದ ನೆನಪಿನ ಪ್ರಾರ್ಥನೆ. ಅವರ ರೆಕಾರ್ಡನ್ನ ಚರ್ಚಲ್ಲಿ ಎಲ್ಲರ ಮುಂದೆ ಹಾಕ್ತಾರೆ. ನ್ಯೂಜೆರ್ಸಿಯ ನ್ಯೂವರ್ಕ್‌ನಿಂದ ಹಾಡೋರ ತಂಡಾನೂ ಬರುತ್ತೆ."

ಡ್ವೈಟ್‌ನ ಕೈಯಲ್ಲಿದ್ದ ಚಮಚ ಬೆಂಡೆಕಾಯಿಯ ಬಟ್ಟಲಲ್ಲೇ ನಿಂತಿತು.

"ಒಳ್ಳೇದಾಯ್ತಮ್ಮ," ಅಂದಳು ಅರ್ನೆಸ್ಟೀನ್.

"ಅದೊಂದು ಆಗ್ಲಿ ಅಂತಾನೇ ಕಾಯ್ತಿದ್ದೆ. ಅದಾದ್ಮೇಲೆ ತಂಗಿಗೆ ಒಂದು ಉತ್ತರ ಹೇಳ್ಬೇಕು."

"ಏನಂತ?"

"ನೋಡೋಣ. ಅನ್ನ ಹಾಕ್ಲೇನೋ, ಡ್ವೈಟ್?"

"ಸಾಕಜ್ಜಿ."

"ಕೋಳಿ ಮಾಡಿದ ದಿನ ಇವನ ಬಾಯಲ್ಲಿ ಸಾಕು ಅಂತ ಬಂತಲ್ಲ. ಜ್ವರ ಏನಾದ್ರೂ ಇದೆಯಾ ನೋಡೇ."

ಯೊಲಾಂಡ ಅಣ್ಣನ ಹಣೆ ಮುಟ್ಟಿದಳು. "ಅಜ್ಜಿ, ಬೆವರ್ತಿದ್ದಾನೆ."

ಆವತ್ತಿನಿಂದ ಡ್ವೈಟ್‌ನ ಕೋಣೆಯಲ್ಲಿ ವಿಚಿತ್ರವಾದ ಸದ್ದು. ಪ್ರತಿ ರೆಕಾರ್ಡಿನಿಂದ ಒಂದೊಂದು ತುಣುಕು. ತುತ್ತೂರಿ, ಹೆಂಗಸಿನ ನಗು, ಗಿಟಾರು, ಮತ್ತೆ ಬೇರೆ. ಯೊಲಾಂಡ ಪಾತ್ರೆ ತೊಳೆಯುತ್ತ ಅದಕ್ಕೆ ಸರಿಯಾಗಿ ಪದ ಕಟ್ಟುತ್ತಿದ್ದಳು:

"ತಟ್ಟೆ ನಂದು, ಲೋಟ ನಂದು, ಬಾಣಲೆ ಮಾತ್ರ ಅಣ್ಣನ ಪಾಲು,
ಸ್ಪೀಕರ್ ಹೊರೋಕೆ ಗಟ್ಟಿ ತೋಳು, ಸಿಂಕು ಕಂಡ್ರೆ ನೋವು ಕಾಲು."

"ಯೊಲಾಂಡ, ಸುಮ್ನಿರು," ಒಳಗಿನಿಂದ ಡ್ವೈಟ್‌ನ ಧ್ವನಿ. ಆಮೇಲೆ ಅವನೇ ಹೊರಬಂದು ಅವಳ ಕಿವಿಯಲ್ಲಿ ಕೇಳಿದ: "ಆವತ್ತು ತೊಟ್ಟಿಗೆ ಹಾಕಿದ್ರಲ್ಲಿ ಬೂದು ಬಣ್ಣದ ಲೇಬಲ್ ಒಂದಿತ್ತಾ? ಸಣ್ಣ ಅಕ್ಷರ?"

"ಇತ್ತು. ಅದೇ ಎಲ್ಲಕ್ಕಿಂತ ಬೇಗ ಬಿಟ್ಕೊಳ್ತು. ಯಾಕೆ?"

ಡ್ವೈಟ್ ಸಿಂಕಿನ ಅಂಚು ಹಿಡಿದುಕೊಂಡು ನಿಂತ. ತೊಟ್ಟಿಯ ಕೆಲಸವಾದ ಮರುವಾರ ಅವನು ವಿನ್‌ಫ್ರೆಡ್ ಬೋಟ್‌ರೈಟ್ ಎಂಬ ಹುಡುಗನಿಗೆ ಕ್ರೇಟಿನ ತಳದಲ್ಲಿದ್ದ ಒಂದು ರಾಶಿ ರೆಕಾರ್ಡು ಕೊಟ್ಟು, ಅವನ ಹಳೆಯ ಸ್ಪೀಕರ್ ತಂದಿದ್ದ. ಬೇಡದವು ಎಂದುಕೊಂಡು ಕೊಟ್ಟ ರಾಶಿ ಅದು. ಲೇಬಲ್ ಇಲ್ಲದ ಮೇಲೆ ಎಲ್ಲವೂ ಒಂದೇ ಥರ ಕಂಡಿದ್ದವು.

ಅರ್ನೆಸ್ಟೀನ್‌ಗೆ ಇದು ತಿಳಿಯಲು ಎರಡು ದಿನ ಬೇಕಾಗಲಿಲ್ಲ. ಬೆಳಿಗ್ಗೆ ಪಾಳಿ ಮುಗಿಸಿ ಬಂದವಳು, ವರ್ಡೆಲ್ ಮಾರ್ಕೆಟ್ಟಿಗೆ ಹೋಗಿದ್ದ ಹೊತ್ತಿನಲ್ಲಿ ಮಗನನ್ನು ಅಡುಗೆಮನೆಗೆ ಕರೆದಳು.

"ಇವತ್ತೇ ಹೋಗಿ ಇಸ್ಕೊಂಡು ಬಾ."

"ಹೋಗಿದ್ದೆ ಅಮ್ಮ. ಕೊಟ್ಟಿದ್ರಲ್ಲಿ ಒಂದು ವಾಪಸ್ ಬೇಕು ಅಂದೆ. ಯಾವುದು ಅಂದ."

"ಹೇಳ್ಬೇಕಿತ್ತಪ್ಪ."

"ಬೂಟು ಯಾವ ರೆಕಾರ್ಡಿಂದು ಅಂತ ಇಡೀ ಬೇಸಿಗೆ ನನ್ನ ಹಿಂದೆ ಬಿದ್ದಿದ್ದಾನೆ. ಅವನ ಹತ್ರಾನೇ ಇದೆ ಅಂತ ಗೊತ್ತಾದ್ರೆ ವಾಪಸ್ ಕೊಡ್ತಾನಾ?"

"ಏನಂದೆ ಮತ್ತೆ?"

"ಯಾವುದೋ ಒಂದು ಅಂದೆ. ನಕ್ಕ. ನೀನು ಕೊಟ್ಟಿದ್ರಲ್ಲಿ ಅರ್ಧ ಬರೀ ಚರ್ಚು ಹಾಡು, ಮೋಸ ಮಾಡ್ದೆ, ಆಗಲೇ ಕಸಕ್ಕೆ ಹೋಗಿರ್ಬೇಕು ಅಂದ."

ಅರ್ನೆಸ್ಟೀನ್ ಕುರ್ಚಿಯಲ್ಲಿ ಕೂತಳು. ಕೆಲಸದ ಬೂಟು ಬಿಚ್ಚಲಿಲ್ಲ. "ನಿಮ್ಮಜ್ಜಿ ಈ ಮನೇಲಿ ಯಾತಕ್ಕೆ ಇದ್ದಾರೆ ಅಂತ ಗೊತ್ತೇನೋ ನಿಂಗೆ? ನಾವು ಮೂವರು, ಆ ರೆಕಾರ್ಡು. ಅದೂ ಹೋಯ್ತು ಅಂದ್ರೆ ನಾಳೆ ಬಸ್ಸು ಹತ್ತುತ್ತಾರೆ. ಆಮೇಲೆ ನಾನು ರಾತ್ರಿ ಪಾಳಿಗೆ ಹೇಗೋ ಹೋಗ್ಲಿ? ಇವಳನ್ನ ಯಾರ ಹತ್ರ ಬಿಡ್ಲಿ?"

"ನೀನೇ ಹೇಳಮ್ಮ ಅಜ್ಜಿಗೆ."

"ನಾನಾ? ಅದೊಂದು ಬಾಕಿ ಇತ್ತು."

ಕೆಳಗೆ ಮೆಟ್ಟಿಲ ಮೇಲೆ ವರ್ಡೆಲ್‌ರ ಚೀಲದ ಸದ್ದು ಕೇಳಿಸಿತು. ಡ್ವೈಟ್ ಓಡಿಹೋಗಿ ಚೀಲ ತೆಗೆದುಕೊಂಡ. "ಏನಿದು, ಕೂಗ್ದೇನೇ ಬಂದೆ," ಅಂದರು ವರ್ಡೆಲ್. "ಇವತ್ತು ಯಾವ ಕಡೆ ಸೂರ್ಯ ಹುಟ್ಟಿದ್ನೋ."

*

ಶನಿವಾರಗಳಂದು ಆ ಮನೆಗೆ ನೀಲ್ ಹಾರ್ಟ್‌ವಿಗ್ ಬರುತ್ತಿದ್ದ. ನ್ಯೂಜೆರ್ಸಿಯ ಬಿಳಿಯ ಹುಡುಗ, ಕಾಲೇಜಿಗೆ ಸೇರುವವನು, ದಪ್ಪ ಕನ್ನಡಕ. ಬಸ್ಸು, ಆಮೇಲೆ ರೈಲು ಹಿಡಿದು, ಟೇಪ್ ರೆಕಾರ್ಡರನ್ನು ಕೂಸಿನ ಹಾಗೆ ಎದೆಗೆ ಒತ್ತಿಕೊಂಡು ಪಾರ್ಕಿಗೆ ಬರುತ್ತಿದ್ದ. ಮೊದಲ ಸಲ ಅವನು ಕಟ್ಟಡದೊಳಗೆ ಕಾಲಿಟ್ಟಾಗ ವಿಮೆಯ ಕಂತು ವಸೂಲಿಗೆ ಬಂದವನು ಎಂದುಕೊಂಡು ಯಾರೂ ಬಾಗಿಲು ತೆಗೆದಿರಲಿಲ್ಲ. ಡ್ವೈಟ್ ಕೈಯಿಂದ ರೆಕಾರ್ಡು ತಿರುಗಿಸುವುದನ್ನು ನೋಡುವಾಗ ಆ ಹುಡುಗ ಉಸಿರು ಬಿಡುತ್ತಿದ್ದನೋ ಇಲ್ಲವೋ. ಮೈಕಿನಲ್ಲಿ ಹೇಳಿದ ಯಾವ ಪದ ಯಾರದು, ಯಾರು ಯಾರನ್ನು ಯಾವ ವಾರ ಮಾತಿನಲ್ಲಿ ಸೋಲಿಸಿದರು, ನಮ್ಮ ಬೀದಿಯ ಮಕ್ಕಳೇ ಮರೆತದ್ದೆಲ್ಲ ಅವನಿಗೆ ಬಾಯಿಪಾಠ.

"ಇವನಿಗೆ ಅವರೂರಲ್ಲಿ ಹಾಡೋರೇ ಇಲ್ವೇನೇ?" ಎಂದು ವರ್ಡೆಲ್ ನನ್ನನ್ನು ಕೇಳಿದ್ದರು. ಆದರೆ ಅವನು ತರುತ್ತಿದ್ದ ಪೀಚ್ ಹಣ್ಣುಗಳನ್ನು ಅವರು ಗಮನಿಸಿದ್ದರು. ಮೊದಲ ಸಲ ಗಟ್ಟಿಯಾದವು ತಂದಿದ್ದ. ಅವರು ಒಂದು ಪಕ್ಕದಲ್ಲೇ ಅಗಿಯುವುದನ್ನು ನೋಡಿದವನು ಆಮೇಲೆ ಪ್ರತಿ ಸಲವೂ ಮೆತ್ತಗಿನವನ್ನೇ ಆರಿಸಿ, ಬಸ್ಸಿನಲ್ಲಿ ಜಜ್ಜಿಹೋಗದಂತೆ ತನ್ನ ಸ್ವೆಟರಿನಲ್ಲಿ ಸುತ್ತಿ ತರುತ್ತಿದ್ದ.

ನೆನಪಿನ ಭಾನುವಾರಕ್ಕೆ ಎಂಟು ದಿನ ಇದ್ದಾಗ, ನೀಲ್ ಊಟ ಮುಗಿಸಿ ಪಾತ್ರೆ ಒರೆಸುತ್ತಿದ್ದ. ನಾನು ಮೇಜಿನ ಬಳಿ ಅವರೆಕಾಳು ಬಿಡಿಸುತ್ತ ಕೂತಿದ್ದೆ. ಅವನಿಗೆ ತಿಳಿಯದೆಯೇ ಬಾಯಲ್ಲಿ ತಾಳ ಶುರುವಾಯಿತು: ಧಪ್, ಧಪ್, ಚಟ್. ತಟ್ಟೆ ಒರೆಸುವುದಕ್ಕೂ ತಾಳಕ್ಕೂ ಸರಿಹೋಯಿತು. ಒಲೆಯ ಹತ್ತಿರ ನಿಂತಿದ್ದ ವರ್ಡೆಲ್ ಬೆನ್ನು ತಿರುಗಿಸದೆಯೇ, ಅದರ ಮುಂದಿನ ಸಾಲನ್ನು ಗುನುಗಿದರು. ಸೌಟು ಅಲ್ಲಾಡಿಸುತ್ತ ಎರಡು ಸಾಲು ಹಾಡಿ, ನಿಂತರು.

"ಅದನ್ನ ಎಲ್ಲಿ ಕೇಳ್ದೆ ನೀನು?"

"ಯಾವುದು, ಮಿಸೆಸ್ ಗೇದರ್? ಬೂಟಾ? ಪಾರ್ಕಲ್ಲಿ. ಟ್ರಿನಿಡಾಡ್‌ದಂತೆ, ಡ್ವೈಟ್ ಹೇಳಿದ. ಮ್ಯಾನ್‌ಹಟನ್ ಅಂಗಡಿಯೆಲ್ಲ ಹುಡುಕಿದೆ, ಸಿಗ್ಲಿಲ್ಲ. ನಿಮಗೆ ಹಾಡು ಗೊತ್ತಾ?" ಅವನ ಮುಖ ಅರಳಿಹೋಗಿತ್ತು. ಪಾಪ, ಅವನಿಗೇನು ಗೊತ್ತು. "ನನ್ನ ಹತ್ರ ಟೇಪಿದೆ. ಕೇಳ್ತೀರಾ?"

ಟೇಪಿನಲ್ಲಿ ಮೊದಲು ಗದ್ದಲ, ಶಿಳ್ಳೆ. ಯಾರೋ ಹುಡುಗಿ ಕಿರುಚಿದಳು. ಅದರೊಳಗಿಂದ ಬೂಟು ಬಂತು. ನಿಲ್ಲಲಿಲ್ಲ, ಮತ್ತೆ, ಮತ್ತೆ, ಮತ್ತೆ. ವರ್ಡೆಲ್ ಮಂದವಲ್ಲದ ಕಿವಿಯನ್ನು ಯಂತ್ರಕ್ಕೆ ಹತ್ತಿರ ತಂದರು.

"ಆ ಬೂಟಿನ ಹಿಮ್ಮಡಿಗೆ ಲಾಳ ಹೊಡೆಸಿದ್ದು ನಾನು," ಅಂದರು. "ಇದು ಟ್ರಿನಿಡಾಡ್ ಅಲ್ಲ, ಮಗು. ಇದು ನನ್ನ ಗಂಡನ ಕಾಲು."

ಬಾಗಿಲಲ್ಲಿ ಕಸದ ಚೀಲ ಹಿಡಿದು ಡ್ವೈಟ್ ನಿಂತಿದ್ದ.

ವರ್ಡೆಲ್ ಮುಂದಿನ ಕೋಣೆಗೆ ಹೋದರು. ಪೆಟ್ಟಿಗೆಯ ಮುಚ್ಚಳ ತೆಗೆದದ್ದು ಕೇಳಿಸಿತು. ಖಾಲಿ ಕವರು ಹಿಡಿದು ವಾಪಸು ಬಂದರು. ಅದನ್ನು ಬಿಡಿಸಿ ಒಳಗೆ ನೋಡಿದರು. ನೋಡಿದ ಮೇಲೂ ಕೈ ಹಾಕಿ ಹುಡುಕಿದರು.

"ಎಲ್ಲಿದೆ?"

"ವಿನ್‌ಫ್ರೆಡ್ ಹತ್ರ, ಅಜ್ಜಿ. ಗೊತ್ತಿಲ್ದೆ ಕೊಟ್ಬಿಟ್ಟೆ. ಸ್ಪೀಕರ್‌ಗೆ."

"ಲೇಬಲ್ಲು?"

ಡ್ವೈಟ್‌ನ ಹಿಂದೆ ಬಂದು ನಿಂತಿದ್ದ ಯೊಲಾಂಡ ಅಳತೊಡಗಿದಳು. "ನಂಗೆ ಗೊತ್ತಿರ್ಲಿಲ್ಲ ಅಜ್ಜಿ, ಅಣ್ಣ ಎಲ್ಲಾನೂ ಹಾಕು ಅಂದಿದ್ದ."

ವರ್ಡೆಲ್ ಒಲೆ ಆರಿಸಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಬೈದಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು. ನೀಲ್ ಒರೆಸಿದ್ದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದ. "ನಾನು ಬಾಯಿ ಮುಚ್ಕೊಂಡಿರ್ಬೇಕಿತ್ತು," ಅಂದ ಮೆಲ್ಲಗೆ. ಡ್ವೈಟ್ ಅವನ ಕೈಯಿಂದ ಬಟ್ಟೆ ತೆಗೆದುಕೊಂಡ. "ಸುಳ್ಳು ಹೇಳಿದ್ದು ನಾನು, ನೀನಲ್ಲ. ರೈಲಿಗೆ ಹೊತ್ತಾಯ್ತು, ಬಾ, ಸ್ಟೇಷನ್‌ವರೆಗೆ ಬರ್ತೀನಿ."

*

ಮರುದಿನ ಕಪಾಟಿನ ಮೇಲಿದ್ದ ಸೂಟ್‌ಕೇಸು ಕೆಳಗಿಳಿಯಿತು. ಅದರ ಮರುದಿನ ವರ್ಡೆಲ್ ನನ್ನ ಬಾಗಿಲು ತಟ್ಟಿದರು. ಚಳಿಗಾಲದಲ್ಲಿ ನಾನು ಕೊಟ್ಟಿದ್ದ ಕೇಕಿನ ತಟ್ಟೆಯನ್ನು ತಿಕ್ಕಿ ಹೊಳೆಯುವಂತೆ ಮಾಡಿ ತಂದಿದ್ದರು.

"ಅವಸರವೇನಿತ್ತು, ವರ್ಡೆಲ್?"

"ಯಾರ ಪಾತ್ರೇನೂ ನನ್ನ ಹತ್ರ ಉಳಿಯೋದು ಬೇಡ, ಹ್ಯಾಟಿ."

ಆ ವಾರ ಆ ಮನೆಯಿಂದ ಊಟದ ಹೊತ್ತಿಗೆ ಅಡುಗೆಯ ವಾಸನೆ ಬರಲಿಲ್ಲ. ಮಕ್ಕಳು ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿ ತಿಂದರು. ಅರ್ನೆಸ್ಟೀನ್ ಕೆಲಸಕ್ಕೆ ಹೊರಡುವ ಮುಂಚೆ ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು ಜಗಳವಾಡುತ್ತಿದ್ದಳು. ನನ್ನ ಗೋಡೆ ತೆಳು.

"ಅವನು ಮಾಡಿದ್ದಕ್ಕೆ ಅವನನ್ನ ಹೊಡಿ. ನನ್ನ ಮನೆ ಯಾಕೆ ಖಾಲಿ ಮಾಡ್ತೀಯ?"

"ನಿನ್ನ ಮೇಲೆ ನಂಗೆ ಸಿಟ್ಟಿಲ್ಲ."

"ಮತ್ತೆ ಆ ಸೂಟ್‌ಕೇಸು?"

"ಅದು ಅಲ್ಲಿ ನಿಂತಿದೆ. ನಿನ್ನ ದಾರಿಗೆ ಅಡ್ಡ ಬಂತಾ?"

"ಬಂತು. ದಿನಾ ಬರ್ತಿದೆ. ಅಪ್ಪ ಹೋದಾಗ ನಾನೂ ಇದೇ ಮನೇಲಿ ಇದ್ದೆ ಅಮ್ಮ. ಅವರು ನಿಂಗೊಬ್ಬಳಿಗೇ ಅಲ್ಲ ಹೋಗಿದ್ದು."

ಅರ್ನೆಸ್ಟೀನ್ ಹೊರಟಾಗ ಅಡುಗೆಮನೆಯ ಮೇಜಿನ ಮೇಲೆ ಅವಳ ಊಟದ ಡಬ್ಬಿ ಇತ್ತು. ಒಳಗೆ ಕರಿದ ಮೀನು, ಕಾಗದದಲ್ಲಿ ಸುತ್ತಿದ ಕಾರ್ನ್‌ಬ್ರೆಡ್. ಯಾವಾಗ ಮಾಡಿದರೋ ಯಾರೂ ನೋಡಿರಲಿಲ್ಲ.

ಡ್ವೈಟ್ ಮತ್ತೆ ವಿನ್‌ಫ್ರೆಡ್‌ನ ಮನೆಗೆ ಹೋದ. ಈ ಸಲ ನಿಜ ಹೇಳಲು ಹೋಗಿದ್ದ. ವಿನ್‌ಫ್ರೆಡ್ ಊರಲ್ಲಿರಲಿಲ್ಲ, ಕ್ರೇಟುಗಳ ಸಮೇತ ಅಕ್ಕನ ಮನೆಗೆ ಹೋದವನು ಶನಿವಾರ ನೇರ ಪಾರ್ಕಿಗೇ ಬರುತ್ತಾನಂತೆ. ಭಾನುವಾರವೇ ಪ್ರಾರ್ಥನೆ. ಡ್ವೈಟ್ ಊಟ ಬಿಟ್ಟ. ಆ ನಾಲ್ಕು ದಿನದಲ್ಲಿ ಅವನ ಮುಖ ಇಷ್ಟೇ ಆಯಿತು.

ಶುಕ್ರವಾರ ಸಂಜೆ ಅವನು ಅಜ್ಜಿಯ ಕೋಣೆಯ ಬಾಗಿಲ ಹೊರಗೆ ನೆಲದ ಮೇಲೆ ಕೂತ.

"ಅಜ್ಜಿ, ಬೈಯಿ. ಹೊಡಿ. ಸುಮ್ನಿರ್ಬೇಡ."

ವರ್ಡೆಲ್ ಬಾಗಿಲು ತೆಗೆದರು. "ಅದನ್ನೇ ಯಾಕೋ ತಗೊಂಡೆ? ಅಷ್ಟೊಂದು ರೆಕಾರ್ಡಿತ್ತಲ್ಲ ನಿನ್ನ ಹತ್ರ."

"ಅಂಥದ್ದು ಇನ್ನೊಂದಿಲ್ಲ ಅಜ್ಜಿ. ನಾನೂ ಹುಡುಕಿದೀನಿ. ತಾತ ತಾಳ ಹಾಕೋ ಹಾಗೆ ಯಾರೂ ಹಾಕಲ್ಲ. ಮೂರನೇ ಪೆಟ್ಟು ಒಂಚೂರು ತಡವಾಗಿ ಬೀಳುತ್ತೆ. ಈಗ ಬೀಳುತ್ತೆ ಅಂದ್ಕೊಂಡ್ರೆ ಬೀಳಲ್ಲ, ಆಮೇಲೆ ಬೀಳುತ್ತೆ."

"ಆ ತಡ ಬೇಕು ಅಂತಾನೇ ಮಾಡ್ತಿದ್ರು," ಅಂದರು ವರ್ಡೆಲ್. "ಜುಲೈ ಸೆಕೇಲಿ ಕಿಟಕಿ ಎಲ್ಲಾ ಮುಚ್ಚಿ ಹಾಡಿಕೊಳ್ತಿದ್ರು ನಾಲ್ಕೂ ಜನ. ಸಮ್ಟರ್ ಊರಿನ ಹಾಡೋರು ಬಂದು ಗೋಡೆಗೆ ಕಿವಿ ಕೊಟ್ಟು ಕದ್ದುಬಿಡ್ತಾರೆ ಅಂತ. ನಾನು ಒಳಗೆ ಬೀಸಣಿಗೆ ಹಿಡಿದು ಬೆವರಲ್ಲಿ ನೆಂದುಹೋಗ್ತಿದ್ದೆ." ಆಮೇಲೆ ಕೇಳಿದರು: "ನಾಳೆ ಎಷ್ಟು ಹೊತ್ತಿಗೆ ಬರ್ತಾನೆ ಆ ಹುಡುಗ?"

*

ಶನಿವಾರ ವರ್ಡೆಲ್ ಚರ್ಚಿನ ಉಡುಪು ತೊಟ್ಟರು. ಕಡುನೀಲಿ ಹ್ಯಾಟು, ಅದರ ಪಕ್ಕದಲ್ಲಿ ಪುಟ್ಟ ಗರಿ. ನೀಲ್ ನನ್ನ ಮನೆಯ ಮಡಚುವ ಕುರ್ಚಿ ಹೊತ್ತುಕೊಂಡ. ಅರ್ನೆಸ್ಟೀನ್ ನಿದ್ದೆ ಬಿಟ್ಟು ಬಂದಳು. ನಾವು ಆರು ಜನ ಸಾಲಾಗಿ ಪಾರ್ಕಿಗೆ ನಡೆದೆವು.

ದೀಪದ ಕಂಬದ ಬುಡ ತೆರೆದು ವಿದ್ಯುತ್ತು ಎಳೆದಿದ್ದರು. ಮಕ್ಕಳು, ದೊಡ್ಡವರು, ಬೇಲಿಗೆ ಆತುಕೊಂಡವರು, ಎಲ್ಲ ಸೇರಿ ಮುನ್ನೂರು ಜನವಾದರೂ ಇರಬಹುದು. ಮೇಜಿನ ಹಿಂದೆ ವಿನ್‌ಫ್ರೆಡ್ ನಿಂತಿದ್ದ. ಹ್ಯಾಟು ನೋಡಿದವನೇ ಮೈಕಿನಲ್ಲಿ ಹೇಳಿದ:

"ದಾರಿ ಬಿಡಿ, ಹಿಂದೆ ಸರೀರಿ, ಗಲಾಟೆ ಮಾಡ್ಬೇಡಿ,
ಗರಿ ಹ್ಯಾಟಿನ ಅಜ್ಜಿ ಬಂದ್ರು ನೋಡಿ."

ಜನ ನಕ್ಕು ದಾರಿ ಬಿಟ್ಟರು. ಡ್ವೈಟ್ ಅವನ ಹತ್ತಿರ ಹೋಗಿ, ಎಲ್ಲರ ಮುಂದೆಯೇ, ಎಲ್ಲವನ್ನೂ ಹೇಳಿದ. ಟ್ರಿನಿಡಾಡ್ ಸುಳ್ಳು, ತಾತ ನಿಜ, ನಾಳೆ ಪ್ರಾರ್ಥನೆ. ಬೂಟು ನಿನ್ನ ಕ್ರೇಟಲ್ಲೇ ಇದೆ, ಕಸಕ್ಕೆ ಹೋಗದಿದ್ದರೆ.

ವಿನ್‌ಫ್ರೆಡ್‌ನ ಬಾಯಿ ತೆರೆದೇ ಇತ್ತು. "ನನ್ನ ಹತ್ರಾನೇ? ಇಷ್ಟು ದಿನ?"

"ಕಸಕ್ಕೆ ಹಾಕಿದ್ಯಾ?"

"ನಾನು ಬಿಟ್ಟಿದ್ರೆ ತಾನೆ," ಅಂದರು ಬೆಂಚಿನ ಮೇಲೆ ಕೂತಿದ್ದ ಅವನ ತಾಯಿ. "ದೇವರ ಹಾಡನ್ನ ಕಸಕ್ಕೆ ಹಾಕಿದ್ರೆ ನಿನ್ನನ್ನೂ ಅದರ ಜೊತೆ ಹಾಕ್ತೀನಿ ಅಂದೆ. ಕ್ರೇಟಿನ ತಳದಲ್ಲಿ ನೋಡೋ."

ತಳದಲ್ಲಿ ಹೆಸರಿಲ್ಲದ ಒಂದು ಕಟ್ಟೇ ಇತ್ತು. ವಿನ್‌ಫ್ರೆಡ್ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ವರ್ಡೆಲ್‌ಗೆ ಚಾಚಿದ. "ಇದನ್ನ ಹಾಕ್ಕೊಳ್ಳಿ ಮ್ಯಾಮ್, ಒಂದೊಂದೇ ಕೇಳಿಸ್ತೀನಿ."

"ಅದು ಹಾಕ್ಕೋಬೇಕಾದ್ರೆ ಹ್ಯಾಟು ತೆಗೀಬೇಕು. ನಾಲ್ಕು ಜನರ ಮುಂದೆ ಹ್ಯಾಟು ತೆಗೆಯೋ ಅಭ್ಯಾಸ ನಂಗಿಲ್ಲ, ಮಗ. ನೀನು ಹಾಗೇ ಹಾಕು."

ಹಾಗೆ ಪಾರ್ಕಿನ ದೊಡ್ಡ ಸ್ಪೀಕರುಗಳಲ್ಲಿ ಚರ್ಚಿನ ಹಾಡುಗಳು ಬಂದವು. ಮೊದಲನೆಯದು ಹೆಂಗಸರದ್ದು. ವರ್ಡೆಲ್ ತಲೆಯಲ್ಲಾಡಿಸಿದರು. ಎರಡನೆಯದು ಪಿಯಾನೊ. ಅಲ್ಲ. ಕುಣಿಯಲು ಬಂದವರು ಕೈ ಕಟ್ಟಿ ನಿಂತಿದ್ದರು. "ಇವತ್ತೇನು ಭಾನುವಾರಾನೇನೋ?" ಎಂದು ಒಬ್ಬ ಕೂಗಿದ, ಪಕ್ಕದವಳು ಅವನ ಬೆನ್ನಿಗೆ ಒಂದು ಕೊಟ್ಟಳು. ಕಟ್ಟು ಕರಗುತ್ತ ಬಂತು. ವಿನ್‌ಫ್ರೆಡ್ ಒಂದೊಂದನ್ನು ತೆಗೆದಿಟ್ಟಾಗಲೂ ಡ್ವೈಟ್ ಉಳಿದವನ್ನು ಕಣ್ಣಲ್ಲೇ ಎಣಿಸುತ್ತಿದ್ದ. ಅರ್ನೆಸ್ಟೀನ್ ನನ್ನ ತೋಳು ಹಿಡಿದಿದ್ದಳು. ಅವಳ ಉಗುರಿನ ಗುರುತು ಎರಡು ದಿನ ಇತ್ತು.

ಇನ್ನೆರಡೇ ಉಳಿದಿದ್ದಾಗ ಸೂಜಿ ಇಳಿಯಿತು, ಗರಗರ ಸದ್ದಿನೊಳಗಿಂದ ಒಂದು ಗಂಡು ಧ್ವನಿ ಎದ್ದಿತು. ಅರ್ನೆಸ್ಟೀನ್ "ಅಪ್ಪ" ಅಂದಳು.

ವರ್ಡೆಲ್ ನಿಲ್ಲಿಸು ಅನ್ನಲಿಲ್ಲ. ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಮೊದಲ ಹಾಡು ಪೂರ್ತಿ ಕೇಳಿದರು, ಎರಡನೆಯದನ್ನೂ ಕೇಳಿದರು. ಮೂರನೆಯ ಹಾಡಿನ ನಡುವೆ ನಾಲ್ಕು ಧ್ವನಿಗಳು ನಿಂತವು. ಧಪ್, ಧಪ್, ಚಟ್.

"ಬೂಟು," ಎಂದು ಇಡೀ ಪಾರ್ಕು ಒಟ್ಟಿಗೆ ಕೂಗಿತು.

ವರ್ಡೆಲ್ ಬೆಚ್ಚಿ ಸುತ್ತ ನೋಡಿದರು. ಇಪ್ಪತ್ತೈದು ವರ್ಷದ ಹಿಂದೆ ಮುಚ್ಚಿದ ಕಿಟಕಿಗಳ ಹಿಂದೆ ಬಿದ್ದ ಕಾಲಿನ ಸದ್ದಿಗೆ ಇಷ್ಟು ಜನರ ಮೈ ಅಲ್ಲಾಡುತ್ತಿತ್ತು. ಪುಟ್ಟ ಹುಡುಗನೊಬ್ಬ ಅವರ ಕುರ್ಚಿಯ ಮುಂದೆಯೇ ನೆಲಕ್ಕೆ ಬಿದ್ದು ಗಿರಗಿರ ತಿರುಗಿದ. ತುಣುಕು ಮುಗಿದು ಹಾಡು ಮತ್ತೆ ಶುರುವಾಯಿತು. ವಿನ್‌ಫ್ರೆಡ್ ಸೂಜಿ ಎತ್ತಿದ. ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ತನ್ನ ಅಂಗಿಯಿಂದ ಒರೆಸಿದ. ಅದನ್ನು ನೋಡುತ್ತ ಒಂದು ಗಳಿಗೆ ನಿಂತ.

"ತಗೊಳ್ಳಿ ಮ್ಯಾಮ್," ಅಂದ ವಿನ್‌ಫ್ರೆಡ್. ಡ್ವೈಟ್ ಕಡೆ ತಿರುಗಿ, "ಸ್ಪೀಕರ್ ಮಾತ್ರ ನಾಳೇನೇ ವಾಪಸ್ ಬರ್ಬೇಕು. ಟ್ರಿನಿಡಾಡಂತೆ," ಎಂದು ಸೇರಿಸಿದ.

ವರ್ಡೆಲ್ ಕೈ ಚಾಚಲಿಲ್ಲ. "ಡ್ವೈಟ್ ಅದನ್ನ ಹೇಗೆ ತಿರುಗಿಸ್ತಾನೆ, ನಾನು ನೋಡಿಲ್ಲ," ಅಂದರು. "ಒಂದೇ ಸಲ. ಗೀರು ಬಿದ್ರೆ ನಿಮ್ಮಿಬ್ಬರನ್ನೂ ಬಿಡಲ್ಲ."

*

ಭಾನುವಾರ ಬೆಳಿಗ್ಗೆ ಅರ್ನೆಸ್ಟೀನ್ ಅಮ್ಮನ ಹ್ಯಾಟಿನ ಪಿನ್ನು ತರಲು ಕೋಣೆಗೆ ಹೋದಾಗ ಸೂಟ್‌ಕೇಸು ಮತ್ತೆ ಕಪಾಟಿನ ಮೇಲಿತ್ತು. ಅವಳು ಪಿನ್ನು ತಂದು ಅಮ್ಮನ ಹ್ಯಾಟಿಗೆ ಚುಚ್ಚಿದಳು.

ಹೊಸ ಲೇಬಲ್ ಬರೆದು ಅಂಟಿಸಿಕೊಡುತ್ತೇನೆ ಎಂದು ನೀಲ್ ಹೇಳಿದ್ದ. ಅವನ ಅಕ್ಷರ ಮುದ್ದಾಗಿತ್ತು. ವರ್ಡೆಲ್ ಬೇಡ ಅಂದಿದ್ದರು. ರೆಕಾರ್ಡು ಹೆಸರಿಲ್ಲದೆಯೇ ಚರ್ಚಿನಲ್ಲಿ ತಿರುಗಿತು. ಮೂರನೆಯ ಹಾಡಿನಲ್ಲಿ ಬೂಟು ಬಂದಾಗ ಹಿಂದಿನ ಬೆಂಚಿನಲ್ಲಿ ಕೂತಿದ್ದ ಡ್ವೈಟ್, ವಿನ್‌ಫ್ರೆಡ್, ನೀಲ್ ಮೂವರೂ ತಲೆ ತಗ್ಗಿಸಿ ಕಾಲ ಬೆರಳು ಮಾತ್ರ ಆಡಿಸಿದ್ದನ್ನು ನಾನು ನೋಡಿದೆ.

ಪ್ರಾರ್ಥನೆ ಮುಗಿದು ಎಲ್ಲರೂ ಕೆಳಗಿನ ಹಾಲ್‌ನಲ್ಲಿ ಊಟಕ್ಕೆ ಸೇರಿದರು. ನ್ಯೂವರ್ಕ್‌ನ ಹಾಡುಗಾರರ ಮುಖಂಡ ಬ್ರದರ್ ಲೂಷಿಯಸ್ ಟ್ಯಾರಂಟ್ ಕೈಯಲ್ಲಿ ಕೋಳಿಯ ತಟ್ಟೆ ಹಿಡಿದು, ಮೇಜಿನ ಮೇಲೆ ಇಟ್ಟಿದ್ದ ರೆಕಾರ್ಡಿನ ಸುತ್ತ ಎರಡು ಸುತ್ತು ಸುತ್ತಿದರು. ಬಗ್ಗಿ, ಕನ್ನಡಕ ಏರಿಸಿ, ನಡುವಿನ ಬೋಳು ಭಾಗವನ್ನು ದಿಟ್ಟಿಸಿದರು.

"ಸಿಸ್ಟರ್ ಗೇದರ್, ಎಂಥಾ ಗಂಟಲು ಬ್ರದರ್ ಏಮಸ್‌ದು. ಆ ಮೂರನೇ ಹಾಡು ಮಾತ್ರ ನಾನು ಎಲ್ಲೂ ಕೇಳಿಲ್ಲ. ಅದರಲ್ಲೂ ಆ ಕಾಲಿನ ತಾಳ. ನಮ್ಮ ತಂಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎಲ್ಲಿಂದ ಬಂತು ಆ ಹಾಡು? ಇಲ್ಲಿ ಏನೂ ಬರೆದೇ ಇಲ್ವಲ್ಲ."

ವರ್ಡೆಲ್ ರೆಕಾರ್ಡನ್ನು ಮೆಲ್ಲಗೆ ಎತ್ತಿ ಕವರಿನೊಳಗೆ ಜಾರಿಸಿ ಎದೆಗೆ ಒತ್ತಿಕೊಂಡರು. ಪಕ್ಕದಲ್ಲಿದ್ದ ಡ್ವೈಟ್ ನಿಂಬೆ ಪಾನಕದ ಲೋಟ ಬಾಯಿಗೆ ಇಟ್ಟವನು ಹಾಗೇ ನಿಂತ.

"ಅದಾ ಬ್ರದರ್," ಅಂದರು ಅವರು. "ಅದು ಟ್ರಿನಿಡಾಡ್ ಕಡೇದು."